ಎಂಟು ಸೀಟಿನ ಲೆಕ್ಕ

"ಬಾಗಿಲು ಆಮೇಲೆ ತೆಗೀವಂತೆ ಇರಪ್ಪ, ಮೊದ್ಲು ನಮ್ಮಕ್ಕ ಬಡಿದು ನೋಡ್ಲಿ," ಎಂದು ಗೋವಿಂದಯ್ಯ ಹೇಳಿದಾಗ ನಾಗಭೂಷಣನ ಕೈ ಕಾರಿನ ಹಿಡಿಕೆಯ ಮೇಲೇ ನಿಂತಿತು. ತುಮಕೂರಿನಿಂದ ಕಾರು ಮಾರಲು ಬಂದಿದ್ದ ಅವನು ತಿಪಟೂರಿನ ಎಪಿಎಂಸಿ ಯಾರ್ಡಿನ ಗೇಟಿನ ಪಕ್ಕ ಶಾಮಿಯಾನ ಹಾಕಿಸಿ, ಮೂರು ಹೊಸ ಗಾಡಿ ನಿಲ್ಲಿಸಿಕೊಂಡು ಬೆಳಗಿನಿಂದ ಟೈ ಸರಿಪಡಿಸಿಕೊಳ್ಳುತ್ತಿದ್ದ. ಕೊಬ್ಬರಿ ಹರಾಜಿನ ದಿನ, ಆ ವರ್ಷ ಒಳ್ಳೆಯ ರೇಟು ಬೇರೆ. ಕಾರು ನೋಡಲು ಬಂದವರು ಟೈರಿಗೆ ಒದ್ದು ಹೋಗುವುದನ್ನು ಅವನು ಕಂಡಿದ್ದ. ಬಡಿದು ನೋಡುವವರನ್ನು ಇದೇ ಮೊದಲು ಕಾಣುತ್ತಿದ್ದ.

ಪುಟ್ಟಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಅರವತ್ತೆಂಟು ವರ್ಷ, ಒಣಗಿದ ಮೈ, ಚುರುಕು ಕಣ್ಣು. ಮನೆಯಲ್ಲಿ ದೊಡ್ಡವರಿಗೆ ಆಕೆ ಗಂಗಕ್ಕ, ಮಕ್ಕಳಿಗೆ ಗಂಗಜ್ಜಿ. ಮದುವೆಯಾದ ಮೂರನೇ ವರ್ಷಕ್ಕೇ ಗಂಡ ತೀರಿಕೊಂಡು ಹೊನ್ನವಳ್ಳಿ ಪಕ್ಕದ ತವರಿಗೆ ಬಂದವಳು ತಮ್ಮ ಗೋವಿಂದಯ್ಯನ ಮನೆಯಲ್ಲೇ ಉಳಿದುಬಿಟ್ಟಿದ್ದಳು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ಉಂಡೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೋ ಇಲ್ಲವೋ, ಕೊಳೆತಿದೆಯೋ ಏನೋ, ಒಡೆಯದೆ ಹೇಳುತ್ತಿದ್ದಳು. ಆಕೆ ಹೇಳಿದ್ದು ಸುಳ್ಳಾದದ್ದನ್ನು ಯಾರೂ ಕಂಡಿಲ್ಲ. ಹೀಗಾಗಿ ಆ ಮನೆಗೆ ಮಡಕೆ ಬರಲಿ, ಕುಂಬಳಕಾಯಿ ಬರಲಿ, ನೀರಿನ ಪಂಪು ಬರಲಿ, ಗಂಗಕ್ಕನ ಬೆರಳಿನ ಗೆಣ್ಣು ತಗುಲದೆ ಒಳಗೆ ಬರುವಂತಿರಲಿಲ್ಲ. ಕಾರೇನು ಮಹಾ ಅಂತ ಆಕೆಯನ್ನೂ ಕರೆತಂದಿದ್ದರು.

ಆಕೆ ಮೊದಲನೇ ಗಾಡಿಯ ಬಾಗಿಲಿಗೆ ಕುಟ್ಟಿ ಕಿವಿ ಕೊಟ್ಟಳು. ಎರಡನೆಯದಕ್ಕೂ ಕುಟ್ಟಿದಳು. ಮೂರನೆಯದಕ್ಕೆ ಎರಡು ಸಲ ಕುಟ್ಟಿ, ಬಾನೆಟ್ಟಿನ ಮೇಲೂ ಒಂದು ಏಟು ಹಾಕಿದಳು.

"ಮೂರೂ ಒಂದೇ ಸದ್ದು ಕಣಪ್ಪ," ಎಂದಳು ತಮ್ಮನಿಗೆ. "ಮೈ ಒಂದೇ. ಒಡವೆ ಬೇರೆ ಬೇರೆ."

ನಾಗಭೂಷಣ ದಂಗಾದ. ಹದಿನೈದು ದಿನ ಟ್ರೇನಿಂಗಿನಲ್ಲಿ ಅವನಿಗೆ ಹೇಳಿಕೊಟ್ಟದ್ದರ ಸಾರವೂ ಅಷ್ಟೇ ಆಗಿತ್ತು. ಇಂಜಿನ್ ಒಂದೇ, ಚಾಸಿ ಒಂದೇ. ಮೇಲಿನ ದರ್ಜೆಯದಕ್ಕೆ ಎರಡು ಬಣ್ಣದ ಮೈ, ಎಸಿ, ಗುಂಡಿ ಒತ್ತಿದರೆ ಇಳಿಯುವ ಗಾಜು, ನಡುವೆ ಕೈ ಇಡಲು ಜಾಗವಿರುವ ಬಿಡಿ ಬಿಡಿ ಕುರ್ಚಿ. ಒಟ್ಟು ಏಳು ಸೀಟು. ನಡುವಿನದಕ್ಕೆ ಎಸಿ ಉಂಟು, ಬಟ್ಟೆಯ ಸೀಟು ಉಂಟು, ಮೂರು ಸಾಲಿನಲ್ಲೂ ಮುಂದಕ್ಕೆ ನೋಡುತ್ತ ಕೂರುವ ಎಂಟು ಜನಕ್ಕೆ ಜಾಗ. ಕೆಳಗಿನದಕ್ಕೆ ಎಸಿ ಇಲ್ಲ, ಗಾಜನ್ನು ಕೈಯಲ್ಲಿ ತಿರುಗಿಸಿ ಇಳಿಸಬೇಕು, ಸೀಟಿಗೆ ರೆಕ್ಸಿನ್ನು, ಹಿಂದುಗಡೆ ಎದುರುಬದುರು ಎರಡು ಬೆಂಚು. ಹತ್ತು ಜನ ಕೂರಬಹುದು. ಕಂಪನಿಯವರು ಮೂರಕ್ಕೂ ಇಂಗ್ಲಿಷ್ ಅಕ್ಷರಗಳ ಹೆಸರು ಇಟ್ಟಿದ್ದರು. ಗೋವಿಂದಯ್ಯ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ ಮೇಲಿಂದು, ನಡುವಿಂದು, ಕೆಳಗಿಂದು ಎಂದೇ ಕರೆಯುತ್ತಿದ್ದ.

"ನಾನು ನಲವತ್ತು ವರ್ಷದಿಂದ ಕೊಬ್ಬರಿ ಮಾರ್ತಿದೀನಿ," ಎಂದ ಅವನು ನಾಗಭೂಷಣನಿಗೆ. "ಮೇಲಿನ ದರ್ಜೆಗೆ ಕೊಡೋ ದುಡ್ಡು ಹೆಸರಿಗೆ ಹೋಯ್ತದೆ. ಕೆಳಗಿನ ದರ್ಜೆಗೆ ಕೊಟ್ಟಿದ್ದು ದಂಡಕ್ಕೆ ಹೋಯ್ತದೆ. ನಡುವಿನ ದರ್ಜೆಗೆ ಕೊಟ್ಟಿದ್ದು ಮಾಲಿಗೆ ಹೋಯ್ತದೆ. ಅಲ್ಲೇ ಇರೋದು ಗಿಟ್ಟೋ ವ್ಯಾಪಾರ."

"ಕರೆಕ್ಟಾಗಿ ಹೇಳಿದ್ರಿ ಸಾರ್. ಮನೇಲಿ ಎಷ್ಟು ಜನ?"

"ಎಂಟು," ಎಂದ ಗೋವಿಂದಯ್ಯ. "ಅಳತೆ ಕೊಟ್ಟು ಹೊಲಿಸಿದಂಗೆ ಐತೆ."

ಅವನ ಎಂಟರ ಲೆಕ್ಕ ಹೀಗಿತ್ತು: ತಾನು, ಹೆಂಡತಿ ಹಾಲಮ್ಮ, ದೊಡ್ಡಮಗ ಬೀರೇಶ್, ಸೊಸೆ ಕೋಮಲಾ, ಅವರ ಮಗಳು ಮೋನಿಕಾ ಮತ್ತು ಅವಳ ತಮ್ಮ, ಜೊತೆಗೆ ಚಿಕ್ಕಮಗ, ಅವನ ಹೆಂಡತಿ. ಗಂಗಕ್ಕ ಲೆಕ್ಕದಲ್ಲಿರಲಿಲ್ಲ. ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ ಬಿಡಿ. ಗಂಗಕ್ಕನಿಗೆ ಕಾರು, ವ್ಯಾನು, ಬಸ್ಸು ಹತ್ತಿದರೆ ವಾಂತಿಯಾಗುತ್ತದೆಂಬುದು ಹೊನ್ನವಳ್ಳಿ ಸುತ್ತಮುತ್ತ ಎಲ್ಲರಿಗೂ ಗೊತ್ತಿದ್ದ ಸಂಗತಿ. ಆಕೆ ಹತ್ತುತ್ತಿದ್ದದ್ದು ಟ್ರ್ಯಾಕ್ಟರಿನ ಟ್ರೈಲರ್ ಒಂದನ್ನೇ. ಮೂಟೆಗಳ ಮೇಲೆ ಕೂತರೆ ಗಾಳಿ ಆಡುತ್ತದೆ, ಹೊಟ್ಟೆ ತೊಳಸುವುದಿಲ್ಲ ಅನ್ನುತ್ತಿದ್ದಳು. ಆವತ್ತೂ ಹಾಗೇ ಬಂದಿದ್ದಳು. ಬೀರೇಶ್ ಟ್ರ್ಯಾಕ್ಟರ್ ಓಡಿಸಿದ್ದ, ಗೋವಿಂದಯ್ಯ, ಹಾಲಮ್ಮ, ಕೋಮಲಾ, ಮೋನಿಕಾ ಬಸ್ಸಿನಲ್ಲಿ ಬಂದಿದ್ದರು, ಉಳಿದ ಮೂವರು ಊರಲ್ಲೇ ಇದ್ದರು.

ಹಾಗಂತ ಆಕೆಗೆ ತಿರುಗಾಡುವ ಆಸೆ ಇರಲಿಲ್ಲವೇ ಅಂದರೆ, ಇತ್ತು. ಹೊಟ್ಟೆತುಂಬ ಇತ್ತು. ಮನೆಯವರು ಧರ್ಮಸ್ಥಳ, ಶೃಂಗೇರಿ, ಹೊರನಾಡು ಅಂತ ಹೋಗಿ ಬಂದರೆ ಚಪ್ಪಲಿ ಬಿಡುವ ಮೊದಲೇ ಹಿಡಿದು ಕೂರಿಸಿಕೊಳ್ಳುತ್ತಿದ್ದಳು. ಊಟಕ್ಕೆ ಏನು ಬಡಿಸಿದರು, ಪಂಕ್ತಿ ಎಷ್ಟುದ್ದ ಇತ್ತು, ಘಾಟಿಯಲ್ಲಿ ಎಷ್ಟನೇ ತಿರುವಿಗೆ ಮಂಜು ಸಿಕ್ಕಿತು, ಎಲ್ಲವನ್ನೂ ಕೆದಕಿ ಕೆದಕಿ ಕೇಳುತ್ತಿದ್ದಳು. ಕೊನೆಕೊನೆಗೆ ಹೋಗಿ ಬಂದವರಿಗಿಂತ ಆಕೆಗೇ ಹೆಚ್ಚು ನೆನಪಿರುತ್ತಿತ್ತು. ಮನೆಗೆ ಬಂದ ನೆಂಟರ ಮುಂದೆ ಗೋವಿಂದಯ್ಯ ಯಾತ್ರೆಯ ಕಥೆ ಹೇಳುವಾಗ ತಪ್ಪಿದರೆ ಅಡಿಗೆಮನೆಯಿಂದಲೇ ತಿದ್ದುತ್ತಿದ್ದಳು. ಈಗ ಕಾರು ತಗೊಂಡ ಮೇಲೆ ಮತ್ತೆ ನಾಲ್ಕು ದಿನದ ಯಾತ್ರೆ ಅಂತ ತೀರ್ಮಾನವಾಗಿತ್ತು. ಎಲ್ಲರ ಚೀಲಕ್ಕೂ ಹುರಿಗಾಳು, ಚಕ್ಕುಲಿ ಎಷ್ಟೆಷ್ಟು ಎಂದು ಗಂಗಕ್ಕ ಆಗಲೇ ಅಂದಾಜು ಹಾಕಿದ್ದಳು.

ಒಂಬತ್ತನೇ ಕ್ಲಾಸಿನ ಮೋನಿಕಾ ಗಣಿತದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಮೂರು ಗಾಡಿಗೂ ಮೂರು ಕಾಲಂ ಹಾಕಿ, ಯಾವುದರಲ್ಲಿ ಏನಿದೆ ಏನಿಲ್ಲ ಎಂದು ಬರೆದಿದ್ದಳು. ಹಿಂದಿನ ಗಾಜಿಗೆ ವೈಪರ್, ಟೇಪ್ ರೆಕಾರ್ಡರ್, ಚಕ್ರದ ಮುಚ್ಚಳ, ಎಲ್ಲಕ್ಕೂ ಟಿಕ್ಕು ಇಲ್ಲವೇ ಇಂಟು.

"ತಾತ, ಒಂದು ಸೀಟಿಗೆ ಎಷ್ಟು ಬೀಳ್ತದೆ ಅಂತ ಭಾಗಾಕಾರ ಮಾಡಿದ್ರೆ ಕೆಳಗಿಂದೇ ಲಾಭ," ಎಂದಳು.

"ಬೆಂಚಿನ ಮೇಲೆ ಎದುರುಬದುರು ಕೂತ್ಕಂಡು ಹೋಗಕ್ಕೆ ಅದೇನು ಸಂತೆ ಟೆಂಪೋನಾ?" ಎಂದ ಗೋವಿಂದಯ್ಯ. "ಕೊಬ್ಬರಿ ಮಂಡಿ ಸಾವ್ಕಾರ ಮಲ್ಲಿಕಾರ್ಜುನಯ್ಯ ನೋಡಿದ್ರೆ ನಗ್ತಾನೆ."

ಕೋಮಲಾಳಿಗೆ ಎಸಿ ಬೇಕಿತ್ತು. ಯಾತ್ರೆಗೆ ಹೋದಾಗೆಲ್ಲ ಧೂಳಿನಲ್ಲಿ ತಲೆಗೂದಲು ತೆಂಗಿನ ನಾರಾಗುತ್ತದೆ ಎಂಬುದು ಅವಳ ದೂರು. "ಮಾವ ಹೇಳಿದ್ದು ಸರಿ, ನಡುವಿಂದೇ ಇರ್ಲಿ," ಎಂದಳು. ಬೀರೇಶನಿಗೆ ಸ್ಟಿಯರಿಂಗ್ ಹಿಡಿದರೆ ಸಾಕಿತ್ತು, ಸೀಟು ಎಷ್ಟಾದರೇನು. ಅಲ್ಲಿಗೆ ನಡುವಿನದೇ ಎಂದಾಯಿತು.

ಆದರೆ ಗೋವಿಂದಯ್ಯ ಓಡಿಸಿ ನೋಡದೆ ಕೊಳ್ಳುವ ಗಿರಾಕಿಯಲ್ಲ, ಅದೂ ತುಂಬಿದ ಹೊರೆಯಲ್ಲಿ. "ಖಾಲಿ ಗಾಡಿ ಓಡ್ಸಿ ಗುಣ ಹೇಳೋದೂ ಒಂದೇ, ನೊಗ ಹೂಡದೆ ಎತ್ತಿನ ಗುಣ ಹೇಳೋದೂ ಒಂದೇ," ಎಂದ. "ಎಂಟು ಜನದ ಭಾರ ಹಾಕಿ ಓಡ್ಸಾಣ. ಲೇ ಬೀರೇಶ, ಟ್ರೈಲರಿಂದ ಎರಡು ಮೂಟೆ ಕೊಬ್ಬರಿ ಇಳಿಸ್ಕಂಡು ಬಾ."

ನಾಗಭೂಷಣನ ಬಣ್ಣ ಇಳಿಯಿತು. "ಸಾರ್, ಬಟ್ಟೆ ಸೀಟು ಸಾರ್. ಎಣ್ಣೆ ಜಿಡ್ಡು ಹತ್ತಿದ್ರೆ ನನ್ನ ಕೆಲ್ಸ ಹೋಗ್ತದೆ."

ಕೊನೆಗೆ ಚೌಕಾಸಿ ನಡೆದು ಒಂದು ಮೂಟೆಗೆ ಒಪ್ಪಿದ, ಅದೂ ಕೆಳಗೆ ಎರಡು ಪದರ ಪೇಪರ್ ಹಾಸಿ. ಬೀರೇಶ್ ಸ್ಟಿಯರಿಂಗಿಗೆ, ನಾಗಭೂಷಣ ಅವನ ಪಕ್ಕ. ನಡುವಿನ ಸಾಲಿಗೆ ಗೋವಿಂದಯ್ಯ, ಹಾಲಮ್ಮ, ಕೋಮಲಾ. ಹಿಂದಿನ ಸಾಲಿಗೆ ಮೋನಿಕಾ, ಮೂಟೆ. ಇನ್ನೊಂದು ಭಾರ ಬೇಕಿತ್ತು. ಎಲ್ಲರೂ ತಿರುಗಿ ಗಂಗಕ್ಕನನ್ನು ನೋಡಿದರು.

"ಅಕ್ಕ, ಒಂದೈದು ನಿಮಿಷ ಹಲ್ಲು ಕಚ್ಕಂಡು ಕೂತ್ಕಂಬುಡು," ಎಂದ ಗೋವಿಂದಯ್ಯ. "ಯಾತ್ರೆಗಲ್ಲ, ತೂಕಕ್ಕೆ."

ಗಂಗಕ್ಕ ಎರಡು ಸಲ ಬೇಡ ಅಂದಳು. ಮೂರನೇ ಸಲ ಕೇಳುವ ಮೊದಲೇ ಹತ್ತಿ ಕಿಟಕಿ ಪಕ್ಕ ಕೂತಳು. ಹಾಲಮ್ಮ ತನ್ನ ಚೀಲದಿಂದ ನಿಂಬೆಹಣ್ಣು ಕೊಟ್ಟಳು. ನಾಗಭೂಷಣ ಎಲ್ಲಿಂದಲೋ ಎರಡು ಪ್ಲಾಸ್ಟಿಕ್ ಕವರ್ ತಂದು ಕೈಗಿಟ್ಟ. ಮೋನಿಕಾ ಮೂಟೆಯ ಆಚೆ ಕಡೆಗೆ ಎಷ್ಟಾಗುತ್ತದೋ ಅಷ್ಟು ಸರಿದಳು.

ಗಾಡಿ ತುರುವೇಕೆರೆ ರಸ್ತೆ ಹಿಡಿಯಿತು. ಗಾಜೆಲ್ಲ ಮುಚ್ಚಿತ್ತು, ಎಸಿ ತಣ್ಣಗೆ ಬೀಸುತ್ತಿತ್ತು. ಹೊಸ ಸೀಟಿನ ವಾಸನೆಗೆ ಕೋಮಲಾ ಕೂಡ ಒಮ್ಮೆ ಸೆರಗು ಮೂಗಿಗೆ ಹಿಡಿದಳು. ನಿಮಿಷಕ್ಕೊಂದು ಸಲ ಯಾರಾದರೊಬ್ಬರು ಹಿಂದೆ ತಿರುಗಿ ಗಂಗಕ್ಕನ ಮುಖ ನೋಡುತ್ತಿದ್ದರು. ಗಂಗಕ್ಕನಿಗೆ ಅದ್ಯಾವುದೂ ಗೊತ್ತಿರಲಿಲ್ಲ. ಆಕೆ ಹಣೆಯನ್ನು ಗಾಜಿಗೆ ಒತ್ತಿ, ಹಿಂದಕ್ಕೆ ಓಡುತ್ತಿದ್ದ ತೋಟಗಳನ್ನು ನೋಡುತ್ತಿದ್ದಳು. ಅವಳು ಹುಟ್ಟಿದಾಗಿನಿಂದ ನೋಡಿದ ತೆಂಗಿನ ಮರಗಳೇ. ಅವು ಹೀಗೆ ಸಾಲಾಗಿ ಓಡುವುದನ್ನು ಮಾತ್ರ ಕಂಡಿರಲಿಲ್ಲ. ಒಂದು ಹಂಪ್ ಬಂದು ಎಲ್ಲರೂ ಎದ್ದು ಬಿದ್ದಾಗ ಮೂಟೆ ಅವಳ ಮೈಮೇಲೆ ಒರಗಿತು. ಅದನ್ನು ಮೊಣಕೈಯಲ್ಲಿ ನೂಕಿ ಜೋರಾಗಿ ನಕ್ಕಳು.

"ಇನ್ನೊಂಚೂರು ಜೋರಾಗಿ ಬುಡ್ಲಾ ಬೀರೇಶ," ಎಂದಳು. "ಆ ಲಾರಿ ಹಿಂದೆ ಹಾಕು. ಅವನ ಹೊಗೆ ನಾವ್ಯಾಕೆ ಕುಡೀಬೇಕು?"

ಬೀರೇಶ್ ಲಾರಿಯನ್ನು ಹಿಂದೆ ಹಾಕಿದ. ಹಾಲಮ್ಮ ತಿರುಗಿ ನೋಡಿದಳು. ಗಂಗಕ್ಕ ಕೈಯಲ್ಲಿದ್ದ ನಿಂಬೆಹಣ್ಣನ್ನು ಕಚ್ಚಿರಲಿಲ್ಲ, ಮೂಸಿರಲೂ ಇಲ್ಲ. ಅವಳು ಮುಂದಕ್ಕೆ ತಿರುಗಿ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಅರ್ಧ ಗಂಟೆ ಸುತ್ತಿ ಯಾರ್ಡಿಗೆ ವಾಪಸು ಬಂದರು. ಇಳಿಯುವಾಗ ಮೋನಿಕಾ ಕೇಳಿಯೇಬಿಟ್ಟಳು. "ಗಂಗಜ್ಜಿ, ನಿಂಗೆ ವಾಂತಿ ಬರ್ಲೇ ಇಲ್ವಲ್ಲ?"

ಗಂಗಕ್ಕನ ನಗು ಅಲ್ಲಿಗೇ ನಿಂತಿತು. ಕೈಯಲ್ಲಿದ್ದ ನಿಂಬೆಹಣ್ಣನ್ನು ಆಗಷ್ಟೇ ಕಂಡವಳಂತೆ ನೋಡಿ, "ಇವತ್ತು ಹೆಂಗೋ ಬರ್ಲಿಲ್ಲ ಕಣೇ," ಎಂದು ಹೇಳಿ, ಟ್ರ್ಯಾಕ್ಟರ್ ನಿಂತಿದ್ದ ಕಡೆ ಹೊರಟಳು.

ಗೋವಿಂದಯ್ಯನಿಗೆ ಇದಾವುದರ ಮೇಲೂ ಗಮನವಿರಲಿಲ್ಲ. ಹೊರೆ ಹೊತ್ತ ಗಾಡಿ ಏದುಸಿರು ಬಿಡದೆ ಓಡಿದ್ದೇ ಅವನಿಗೆ ಸಂಭ್ರಮ. "ನಡುವಿಂದು. ಬಿಳಿ ಬಣ್ಣ. ಬರ್ಕೊಳಪ್ಪ," ಎಂದ. ನಾಗಭೂಷಣ ಬುಕಿಂಗ್ ಫಾರಂ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದ.

"ರೀ, ಎಷ್ಟು ಜನ ಅಂತ ಎಣಿಸಿ," ಎಂದಳು ಹಾಲಮ್ಮ.

"ಎಣಿಸಾಯ್ತಲ್ಲೇ. ಎಂಟು."

"ಇನ್ನೊಂದ್ಸಲ ಎಣಿಸಿ."

ಗೋವಿಂದಯ್ಯ ಬೆರಳು ಮಡಿಸಿ ಮತ್ತೆ ಎಣಿಸಿದ. ಎಂಟೇ ಬಂತು. ಹೆಂಡತಿಯ ಮುಖ ನೋಡಿದ. ಮೂವತ್ತೊಂಬತ್ತು ವರ್ಷದಲ್ಲಿ ಹತ್ತು ಜನರ ಎದುರಿಗೆ ಅವನ ಲೆಕ್ಕವನ್ನು ಅವಳು ಪ್ರಶ್ನಿಸಿದ್ದು ಇದೇ ಮೊದಲು.

"ಗಂಗಕ್ಕನ್ನ ಬುಟ್ರಿ," ಎಂದಳು ಹಾಲಮ್ಮ. "ನಾವು ಒಂಬತ್ತು ಜನ ಕಣ್ರೀ."

"ಅವಳಿಗೆ ವಾಂತಿ..."

"ವಾಂತಿನೂ ಇಲ್ಲ, ಗೀಂತಿನೂ ಇಲ್ಲ. ಯಾವತ್ತೂ ಇರ್ಲಿಲ್ಲ." ಹಾಲಮ್ಮ ಗಂಡನ ಎದುರಿಗೆ ಬಂದು ನಿಂತಳು. "ಚಿಕ್ಕೋನ ಮುಡಿ ಕೊಡಾಕೆ ಅಂತ ಧರ್ಮಸ್ಥಳಕ್ಕೆ ಬಾಡಿಗೆ ಅಂಬಾಸಿಡರ್ ತರ್ಸಿದ್ರಲ್ಲ, ಇಪ್ಪತ್ತೈದು ವರ್ಷದ ಹಿಂದೆ. ಹೊರಡೋ ಹೊತ್ತಿಗೆ ನಮ್ಮವ್ವ ಗಂಟು ಹಿಡ್ಕಂಡು ಬಂದುಬುಟ್ಲು. ನಾನೂ ಬತ್ತೀನಿ ಅಂದ್ಲು. ಕಾರಲ್ಲಿ ಜಾಗ ಇಲ್ಲ. ನೀವು ಅಂಗಳದಲ್ಲಿ ನಿಂತ್ಕಂಡು ಹಿಂಗೇ ಬೆರಳು ಮಡಿಸಿ ಎಣಿಸ್ತಿದ್ರಿ. ಯಾರನ್ನ ಬುಡೋದು ಅಂತ ನಿಮ್ಮ ಬಾಯಲ್ಲಿ ಬರ್ಲಿಲ್ಲ. ಅಷ್ಟೊತ್ತಿಗೆ ಗಂಗಕ್ಕ ಬಣವೆ ಹಿಂದಕ್ಕೆ ಹೋಗಿ, ಬಾಯಿ ಒರೆಸ್ಕಂಡು ಬಂದು, ಪೆಟ್ರೋಲ್ ವಾಸನೆಗೇ ವಾಂತಿ ಆಯ್ತು, ನಾನು ಬರಲ್ಲ ಅಂದ್ಲು. ನಾನು ಹಿಂದಕ್ಕೆ ಹೋಗಿ ನೋಡ್ದೆ ಕಣ್ರೀ. ನೆಲ ಒಣಗಿತ್ತು."

ನಾಗಭೂಷಣ ಪೆನ್ನಿನ ಮುಚ್ಚಳ ಮತ್ತೆ ಹಾಕಿದ. ಯಾರ್ಡಿನೊಳಗೆ ಹರಾಜಿನ ಕೂಗು ಕೇಳುತ್ತಿತ್ತು.

"ನಮ್ಮವ್ವಂಗೆ ಜಾಗ ಸಿಕ್ತಲ್ಲ ಅಂತ ಬಾಯಿ ಮುಚ್ಕಂಡಿದ್ದೆ," ಎಂದಳು ಹಾಲಮ್ಮ. "ನಮ್ಮವ್ವ ಸತ್ತು ಹದಿನಾರು ವರ್ಷ ಆಯ್ತು. ಆಮೇಲೂ ಮುಚ್ಕಂಡೇ ಇದ್ದೆ. ಇವತ್ತು ಅವಳು ನಕ್ಕಿದ್ದು ಕೇಳಿದ್ಮೇಲೆ ಇನ್ನು ಮುಚ್ಕಂಡಿರಕ್ಕೆ ಆಗ್ಲಿಲ್ಲ."

ಒಂದು ಸಲ ಹೇಳಿದ ಸುಳ್ಳು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮುಂದಿನ ಸಲ ವ್ಯಾನ್ ಬಂದಾಗ, ಅಕ್ಕನಿಗೆ ಆಗಿಬರಲ್ಲ ಎಂದು ಗೋವಿಂದಯ್ಯನೇ ಎಲ್ಲರಿಗೂ ಹೇಳಿದ್ದ. ಪ್ರೀತಿಯಿಂದಲೇ ಹೇಳಿದ್ದ. ಅದು ಸುಳ್ಳೆನ್ನಲು ಗಂಗಕ್ಕನಿಗೆ ನಾಚಿಕೆ. ಅದರ ಮುಂದಿನ ಸಲ ಕೇಳುವವರೇ ಇರಲಿಲ್ಲ. ಸಾಕಿದ ಸುಳ್ಳು ಮನೆಯ ಹಸುವಿನಂತೆ ಬೆಳೆದು ಬಾಗಿಲಿಗೆ ಅಡ್ಡ ಮಲಗಿತ್ತು.

ಗೋವಿಂದಯ್ಯನಿಗೆ ಮೊದಲು ಬಂದದ್ದು ಸಿಟ್ಟು. "ಇಪ್ಪತ್ತೈದು ವರ್ಷ ನನ್ನನ್ನ ಪೆದ್ದನ್ನ ಮಾಡಿದ್ರಾ ಇಬ್ರೂ?" ಎಂದು ಸರಸರ ಟ್ರ್ಯಾಕ್ಟರಿನ ಕಡೆ ನಡೆದ. ಗಂಗಕ್ಕ ಟ್ರೈಲರಿನ ನೆರಳಿನಲ್ಲಿ ಕೂತು ಖಾಲಿ ಚೀಲ ಮಡಚುತ್ತಿದ್ದಳು.

"ಏಳು," ಎಂದ.

"ಹಾಲಮ್ಮ ಏನೋ ಹೇಳಿದ್ಲು ಅಂತ ನೀನು ಕುಣೀಬೇಡ," ಎಂದಳು ಗಂಗಕ್ಕ ತಲೆಯೆತ್ತದೆ. ಅಲ್ಲಿಗೂ ಎಲ್ಲ ಕೇಳಿಸಿತ್ತು. "ನಡುವಿಂದೇ ತಗೋ. ಕೋಮಲಂಗೆ ಎಸಿ ಬೇಕಂತೆ. ನಂಗೆ ಈ ವಯಸ್ಸಲ್ಲಿ ಎಂಥ ಯಾತ್ರೆ. ಮನೆ ನೋಡ್ಕಳಕ್ಕೆ ಒಬ್ರು ಬೇಕು, ದನಕ್ಕೆ ಹುಲ್ಲು ಹಾಕಾಕೆ ಬೇಕು."

"ದನಕ್ಕೆ ನಮ್ಮಾಳು ತಿಪ್ಪಯ್ಯ ಹಾಕ್ತಾನೆ. ನೀನು ಏಳಕ್ಕ." ಅಷ್ಟು ಹೇಳುವಷ್ಟರಲ್ಲಿ ಅವನ ಸಿಟ್ಟು ಎಲ್ಲೋ ಇಳಿದುಹೋಗಿತ್ತು. "ಲೆಕ್ಕ ತಪ್ಪಿದ್ದು ನಂದು. ನಾನಾದ್ರೂ ಒಂದ್ಸಲ ಕೇಳ್ಬೇಕಾಗಿತ್ತು."

ಅವನು ಶಾಮಿಯಾನಕ್ಕೆ ವಾಪಸು ಬಂದು ಕೆಳಗಿನ ದರ್ಜೆಯ ಗಾಡಿಯ ಮುಂದೆ ನಿಂತ. ಒಂದೇ ಬಣ್ಣ, ಮುಚ್ಚಳವಿಲ್ಲದ ಚಕ್ರ. ಮಲ್ಲಿಕಾರ್ಜುನಯ್ಯ ನಗುತ್ತಾನೆಂಬುದು ಖಂಡಿತ. ನಕ್ಕರೆ ನಗಲಿ ಅಂದುಕೊಂಡ.

"ನಡುವಿನ ದರ್ಜೆಯಲ್ಲಿ ಒಂಬತ್ತು ಸೀಟಿಂದು ಬರಲ್ವೇನಪ್ಪ?" ಎಂದು ಕೊನೆಗೊಂದು ಸಲ ಕೇಳಿದ.

"ಇಲ್ಲ ಸಾರ್. ಎಂಟು, ಇಲ್ಲಾಂದ್ರೆ ಹತ್ತು."

"ಹಂಗಾದ್ರೆ ಕೆಳಗಿಂದೇ ಬರ್ಕೋ."

ಕೋಮಲಾಳ ಮುಖ ಸಣ್ಣಗಾಯಿತು. ಅವಳು ಒಂದು ಗಳಿಗೆ ಎಸಿ ಇದ್ದ ಗಾಡಿಯನ್ನು ನೋಡಿದಳು, ಒಂದು ಗಳಿಗೆ ದೂರದಲ್ಲಿ ಸೆರಗು ಕೊಡವಿಕೊಂಡು ಏಳುತ್ತಿದ್ದ ಗಂಗಕ್ಕನನ್ನು ನೋಡಿದಳು. "ತಲೆಗೆ ಒಂದು ಸ್ಕಾರ್ಫ್ ಕಟ್ಕಂಡ್ರಾಯ್ತು ಬುಡಿ," ಎಂದಳು. "ಆದ್ರೆ ಮಾವ, ಟೇಪ್ ರೆಕಾರ್ಡರ್ ಹಾಕಿಸ್ಲೇಬೇಕು." ಮೋನಿಕಾ ನೋಟ್‌ಬುಕ್ ತೆಗೆದು, ಭಾಗಾಕಾರ ಮಾಡಿದ್ದ ಸಾಲಿನ ಕೆಳಗೆ ದಪ್ಪಗೆ ಎರಡು ಗೆರೆ ಎಳೆದಳು. ಒಂದೇ ಮಧ್ಯಾಹ್ನದಲ್ಲಿ ಗಿರಾಕಿ ದರ್ಜೆ ಇಳಿಸಿದ್ದಕ್ಕೆ ನಾಗಭೂಷಣನ ಕಮಿಷನ್ನೂ ಇಳಿದಿತ್ತು. ಆದರೂ ಯಾಕೋ ಅವನು ಬೇಜಾರಿಲ್ಲದೆ ಫಾರಂ ತುಂಬಿದ, ಚಕ್ರದ ಮುಚ್ಚಳ ನಾಲ್ಕನ್ನೂ ಪುಕ್ಕಟೆ ಹಾಕಿಸಿಕೊಡುತ್ತೇನೆಂದು ಮಾತೂ ಕೊಟ್ಟ.

ಅಡ್ರೆಸ್ಸು, ಸಹಿ, ಅಡ್ವಾನ್ಸು ಎಂದು ಎಲ್ಲ ಮುಗಿಸಿ ಗೋವಿಂದಯ್ಯ ತಿರುಗಿದರೆ ಗಂಗಕ್ಕ ಕಾಣಲಿಲ್ಲ. ಗಾಡಿಯ ಹಿಂಬಾಗಿಲು ತೆರೆದಿತ್ತು. ಆಕೆ ಒಳಗೆ ಬೆಂಚಿನ ಮೇಲೆ ಕೂತಿದ್ದಳು. ಚಪ್ಪಲಿಯನ್ನು ಹೊರಗೆ, ದೇವಸ್ಥಾನದ ಮುಂದೆ ಬಿಡುವ ಹಾಗೆ ಜೋಡಿಸಿಟ್ಟಿದ್ದಳು.

"ಗಾಡಿ ಇವತ್ತೇ ಕೊಡಲ್ಲ ಕಣಕ್ಕ, ಹದಿನೈದು ದಿನ ಆಯ್ತದೆ," ಎಂದ ಗೋವಿಂದಯ್ಯ.

"ಗೊತ್ತು ಬುಡು. ಕೂರಕ್ಕೇನು ಕಾಸು ಕೇಳ್ತಾರಾ?"

ಅವನಿಗೆ ಇಳಿ ಅನ್ನಲು ಮನಸ್ಸಾಗಲಿಲ್ಲ. ತಾನೂ ತಲೆ ಬಗ್ಗಿಸಿ ಹತ್ತಿ ಎದುರಿನ ಬೆಂಚಿನ ಮೇಲೆ ಕೂತ. ಜಾಗ ಇಕ್ಕಟ್ಟು, ಇಬ್ಬರ ಮೊಣಕಾಲೂ ತಾಗುತ್ತಿದ್ದವು. ಅಕ್ಕನ ಮುಖವನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ. ಹುಬ್ಬೂ ಬೆಳ್ಳಗಾಗಿದ್ದದ್ದು ಅವನಿಗೆ ಈಗ ಕಂಡಿತು. ಗಂಗಕ್ಕ ಮಾತ್ರ ಅವನನ್ನು ನೋಡುತ್ತಲೇ ಇರಲಿಲ್ಲ. ತೋರುಬೆರಳನ್ನು ಮುಂದಿನ ಸೀಟಿನಿಂದ ಒಂದೊಂದಾಗಿ ಹಿಂದಕ್ಕೆ ತರುತ್ತ, ತುಟಿಯಲ್ಲೇ ಎಣಿಸುತ್ತಿದ್ದಳು.

"ನಾವು ಒಂಬತ್ತು," ಎಂದಳು. "ಇನ್ನೂ ಒಂದು ಮಿಕ್ತದಲ್ಲೋ. ಅದಕ್ಕೆ ಯಾರನ್ನ ಕರ್ಕಂಡು ಹೋಗಾಣ?"

ತಮ್ಮ ಉತ್ತರ ಕೊಡುವುದಕ್ಕೂ ಕಾಯದೆ, ಬೆಂಚಿನ ಮೇಲೆ ಕಿಟಕಿಯ ಕಡೆಗೆ ಸರಿದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.